ಕಾಗೆ ಕಾಲು ಯಾರದು?

ಕೆಟ್ಟ ಅಕ್ಷರವನ್ನು ಬೈಯುವುದಕ್ಕೆ ನಮ್ಮ ಕನ್ನಡದಲ್ಲಿ ಇರುವಷ್ಟು ಮಾತುಗಳು ಕೆಟ್ಟ ಅಡುಗೆಯನ್ನು ಬೈಯುವುದಕ್ಕೂ ಇಲ್ಲವೇನೋ. ಕಾಗೆ ಕಾಲು ಗುಬ್ಬಿ ಕಾಲು. ಕೋಳಿ ಕೆದರಿದ ಹಾಗೆ. ಸೊಟ್ಟಂಬಟ್ಟ. ಚಿತ್ತು ಕಾಟು. ಬ್ರಹ್ಮಲಿಪಿ. ಇವು ಸಾಲದು ಎಂದು ಬರೆಯುವ ಕೆಲಸಕ್ಕೇ ತಿರಸ್ಕಾರದ ಇನ್ನೊಂದು ಹೆಸರು: ಗೀಚುವುದು. ಮೂವತ್ತು ವರ್ಷಕ್ಕೂ ಮೇಲೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ವರ್ಗವಾಗುತ್ತಾ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಟ್ಟು, ಈಗ ಚಿತ್ರದುರ್ಗದಲ್ಲಿ ನೆಲೆ ನಿಂತಿರುವ ನನಗೆ ಈ ಮಾತುಗಳೆಲ್ಲ ಮನೆಯ ಪಾತ್ರೆಗಳಷ್ಟು ಪರಿಚಿತ. ಇಂಥ ಮಾತುಗಳು ಇರಬಾರದು ಎಂಬುದು ನನ್ನ ತಕರಾರಲ್ಲ. ಭಾಷೆ ಎಂದ ಮೇಲೆ ಬೈಗುಳವೂ ಇರಬೇಕು, ಇಲ್ಲದಿದ್ದರೆ ಸಪ್ಪೆ. ನನ್ನ ತಕರಾರು ಏನೆಂದರೆ, ಈ ಮಾತುಗಳು ಯಾರ ತಲೆಯ ಮೇಲೆ ಬಂದು ಕೂರುತ್ತವೆ, ಯಾರ ತಲೆಯನ್ನು ಬಿಟ್ಟು ಹಾರಿ ಹೋಗುತ್ತವೆ ಎಂಬುದು.

ಮೊದಲು ಮಾತುಗಳನ್ನೇ ನೋಡೋಣ. ಬರಹವನ್ನು ಪ್ರಾಣಿ ಪಕ್ಷಿಯ ಕಾಲಿಗೆ ಕಟ್ಟುವುದು ನಮ್ಮೊಬ್ಬರ ಚಾಳಿಯಲ್ಲ. ಪಕ್ಕದ ತೆಲುಗಿನವರಿಗೆ ಅದು ಕೋಳಿಯ ಗೀಟು, ತಮಿಳರಿಗೆ ಕೋಳಿಯ ಗೀಚಾಟ. ಇಂಗ್ಲಿಷಿನವರೂ ಕೋಳಿಯನ್ನು ಬಿಟ್ಟಿಲ್ಲ. ಫ್ರೆಂಚರು ನೊಣದ ಕಾಲು ಎನ್ನುತ್ತಾರೆ, ಜರ್ಮನರಂತೂ ಹೆಣ್ಣು ಹಂದಿಯ ಗೊರಸಿನವರೆಗೆ ಹೋಗಿದ್ದಾರೆ. ಪಾಪ, ಕೋಳಿ ತಿಪ್ಪೆಯನ್ನು ಕೆದರುವುದು ಅಕ್ಷರ ಬರೆಯುವುದಕ್ಕಲ್ಲ, ಹೊಟ್ಟೆಗೆ ಕಾಳು ಹುಡುಕುವುದಕ್ಕೆ. ಮರಿಗಳನ್ನು ಹಿಂದೆ ಕಟ್ಟಿಕೊಂಡು ಅದು ಹೊಟ್ಟೆಪಾಡಿಗೆ ಪಡುವ ಅವಸರವನ್ನು ನಾವು ಕೊಳಕು ಎಂದು ಕರೆದೆವು. ಹಿತ್ತಿಲಲ್ಲಿ ದಿನಾ ಕಣ್ಣಿಗೆ ಬೀಳುವ ಬಡಪಾಯಿ ಜೀವಗಳೇ ಈ ಹೋಲಿಕೆಗೆ ಸಿಕ್ಕವು. ಆನೆ ಹೆಜ್ಜೆ, ಹುಲಿ ಹೆಜ್ಜೆ ಎಂದು ಯಾರ ಅಕ್ಷರವನ್ನೂ ಯಾರೂ ಜರೆದದ್ದನ್ನು ನಾನು ಕೇಳಿಲ್ಲ.

ಈಗ ಮನೆಗೆ ಬನ್ನಿ. ಒಂದೇ ಮನೆಯ ಅಣ್ಣ ತಂಗಿ ಒಂದೇ ಲಾಟೀನಿನ ಬೆಳಕಿನಲ್ಲಿ ಕೂತು ಬರೆದ ಕಾಲ ನಮ್ಮದು. ಅಣ್ಣನ ಅಕ್ಷರ ಸೊಟ್ಟಗಿದ್ದರೆ, "ಹುಡುಗನ ತಲೆ ಚುರುಕು ಕಣ್ರೀ, ಕೈ ಹಿಂದೆ ಬೀಳುತ್ತೆ" ಎಂದು ಅಪ್ಪ ಬಂದವರ ಮುಂದೆ ಹೇಳುತ್ತಿದ್ದರು. ತಂಗಿಯ ಅಕ್ಷರ ಸೊಟ್ಟಗಿದ್ದರೆ, "ಹೆಣ್ಣು ಹುಡುಗಿ ಅಕ್ಷರನೇನೇ ಇದು? ನಾಳೆ ರಂಗೋಲಿನೂ ಹೀಗೇ ಎಳಿತೀಯ?" ಎಂಬ ಮಾತು. ಅಕ್ಷರದಿಂದ ರಂಗೋಲಿಗೆ, ರಂಗೋಲಿಯಿಂದ ಹೋಗುವ ಮನೆಗೆ ಎರಡೇ ಹೆಜ್ಜೆ. ಹುಡುಗನ ಸೊಟ್ಟ ಅಕ್ಷರ ಬುದ್ಧಿಯ ಗುರುತು, ಹುಡುಗಿಯ ಸೊಟ್ಟ ಅಕ್ಷರ ನಡತೆಯ ಗುರುತು! ನಾನು ಕೆಲಸ ಮಾಡಿದ ಊರುಗಳಲ್ಲೂ ಪೋಷಕರ ಬಾಯಲ್ಲಿ ಇದನ್ನೇ ಕೇಳಿದ್ದೇನೆ. ಮಗ ಫೇಲಾದರೆ, "ಗೊತ್ತಿತ್ತು ಮೇಡಂ, ಅವಸರದಲ್ಲಿ ಬರೆದುಬಿಟ್ಟ." ಮಗಳು ಪಾಸಾದರೂ, "ಅಕ್ಷರ ಒಂದು ದುಂಡಗೆ ಮಾಡ್ಸಿ ಮೇಡಂ." ದುಂಡಗಿನ ಅಕ್ಷರ, ಮುತ್ತು ಪೋಣಿಸಿದಂಥ ಅಕ್ಷರ ಎನ್ನುವಾಗ ಆ ಮುತ್ತು ಯಾರ ಕೊರಳಿಗೆ ಎಂದು ನನಗೆ ಗೊತ್ತಿತ್ತು. ಆದ್ದರಿಂದಲೇ ಕಾಗೆ ಕಾಲು ಎಂಬ ಮಾತನ್ನು ನನ್ನ ತರಗತಿಯ ಹೊಸ್ತಿಲು ದಾಟಲು ಬಿಟ್ಟವಳಲ್ಲ.

ಹಾಗೆಂದು ಅಕ್ಷರ ಹೇಗಿದ್ದರೂ ಸರಿ ಎನ್ನುವ ಪೈಕಿ ನಾನಲ್ಲ. ಕನ್ನಡದ ಅಕ್ಷರ ಬಹಳ ಸೂಕ್ಷ್ಮ. ತಲೆಕಟ್ಟು ಕೂಡಿದರೆ ವ, ಬಿಟ್ಟರೆ ಪ. ಹೊಟ್ಟೆ ಸೀಳಿದರೆ ಧ, ಸೀಳದಿದ್ದರೆ ದ. ನಡುವೆ ಚುಕ್ಕಿ ಇಟ್ಟರೆ ಠ, ಮರೆತರೆ ರ. ಕೈ ಅವಸರಕ್ಕೆ ಬಿದ್ದರೆ ಮೊದಲು ಹೋಗುವುದು ಈ ಸೀಳು, ಈ ಚುಕ್ಕಿ, ಈ ತಲೆಕಟ್ಟು. ಧನ ಎಂದು ಬರೆಯಲು ಹೋಗಿ ದನ ಬಂದು ನಿಲ್ಲುತ್ತದೆ. ಆದ್ದರಿಂದ ಬರಹ ಓದುವ ಹಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುವ ಹಾಗಿರುವುದು ಬೇರೆ, ಮುತ್ತಿನ ಹಾಗಿರುವುದು ಬೇರೆ. ಮೊದಲನೆಯದನ್ನು ಎಲ್ಲರಿಂದಲೂ ಕೇಳಬೇಕು. ಎರಡನೆಯದನ್ನು ಯಾರಿಂದಲೂ ಕೇಳುವ ಹಕ್ಕು ನಮಗಿಲ್ಲ. ನಾವು ಮಾಡುತ್ತಿರುವುದು ಇದರ ತಲೆಕೆಳಗು: ಹೆಣ್ಣುಮಕ್ಕಳಿಂದ ಮುತ್ತು ಕೇಳುತ್ತೇವೆ, ದೊಡ್ಡವರಿಂದ ಓದುವ ಹಾಗಿರುವುದನ್ನೂ ಕೇಳುವುದಿಲ್ಲ.

ನನ್ನ ತಾಯಿ ಓದಿದ್ದು ನಾಲ್ಕನೇ ಇಯತ್ತೆ. ಹೊಸದುರ್ಗದ ಕಡೆಯ ಹಳ್ಳಿ ಅವರ ತವರು. ನಾನು ಹೊರ ಊರಿನಲ್ಲಿ ಓದುತ್ತಿದ್ದಾಗ ಅವರು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದರು. ಪದದ ನಡುವೆ ಜಾಗವಿಲ್ಲ, ಪೂರ್ಣವಿರಾಮವಿಲ್ಲ, ಒತ್ತಕ್ಷರ ಒಮ್ಮೊಮ್ಮೆ ಮುಂದಿನ ಅಕ್ಷರದ ಕಾಲಿಗೆ ಹೋಗಿ ತಗುಲಿಕೊಂಡಿರುತ್ತಿತ್ತು. ಒಲೆಯ ಮೇಲೆ ಎಸರಿಟ್ಟು, ಅದು ಕುದಿಯುವುದರೊಳಗೆ ಬರೆದ ಕಾಗದ ಅದು. ಮನೆಯ ಗಂಡಸರೆಲ್ಲ ನಗುತ್ತಿದ್ದರು, "ಅಮ್ಮನ ಕಾಗೆ ಕಾಲು ಬಂತು" ಎಂದು. ಆದರೆ ಆ ಕಾಗದದಲ್ಲಿ ಎಮ್ಮೆ ಕರು ಹಾಕಿದ್ದು, ಹುಣಸೆಹಣ್ಣು ಇಷ್ಟಕ್ಕೆ ಹೋದದ್ದು, ತಮ್ಮನಿಗೆ ಜ್ವರ ಬಿಟ್ಟದ್ದು, ನನಗೆ ದುಡ್ಡು ಯಾರ ಕೈಲಿ ಬರುತ್ತದೆ ಎಂಬುದು, ಎಲ್ಲವೂ ಇರುತ್ತಿತ್ತು. ಒಂದು ಕಾಗದವನ್ನೂ ನಾನು ತಪ್ಪಾಗಿ ಓದಿದ್ದಿಲ್ಲ. ಯಾಕೆಂದರೆ ಅದು ಓದಲಿ ಎಂದು ಬರೆದದ್ದು. ಓದಬಾರದೆಂದು ಬರೆದ ಬರಹ ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ಅದೇ ಊರಿನ ಇನ್ನೊಂದು ಕಾಗದದಲ್ಲಿ.

ಅದು ನನ್ನ ತಾತನ ಕಾಲದ ಪಾರಿಖತ್ತು. ಊರಿನ ಲೆಕ್ಕ ಬರೆಯುತ್ತಿದ್ದವರ ಕೈಬರಹ, ಮೋಡಿ. ಮೋಡಿ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಲೇಖನಿ ಎತ್ತದೆ ಒಂದೇ ಓಟದಲ್ಲಿ ಬರೆದುಕೊಂಡು ಹೋಗುವ ಅಕ್ಷರ ಅದು. ಮರಾಠಿಗೆ ಮೋಡಿ ಎಂಬ ಬೇರೆ ಲಿಪಿಯೇ ಇತ್ತು. ನಮ್ಮಲ್ಲಿ ಕನ್ನಡದ ಅಕ್ಷರವನ್ನೇ ಹಾಗೆ ಓಡಿಸಿ ಬರೆದದ್ದಕ್ಕೂ ಮೋಡಿ ಎಂದರು. ಶಾನುಭೋಗರು ಕಡತಗಳಲ್ಲಿ ಬರೆಯುತ್ತಿದ್ದುದು ಇದನ್ನೇ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದು ಮಡಿಚಿಡುತ್ತಿದ್ದ ಪುಸ್ತಕ ಕಡತ. ಬಟ್ಟೆ ಹೋಗಿ ಕಾಗದ ಬಂದರೂ ಕಚೇರಿಯಲ್ಲಿ ಆ ಹೆಸರು ಉಳಿದಿದೆ. ಬರೆಯುವುದು ಬೇಗ ಆಗಲಿ ಎಂದು ಹುಟ್ಟಿದ ಅಕ್ಷರ ಮೋಡಿ. ಅಂದರೆ ಅವಸರದ ಅಕ್ಷರ. ಅದಕ್ಕೆ ನಮ್ಮ ಭಾಷೆ ಕೊಟ್ಟ ಹೆಸರು ನೋಡಿ! ಮೋಡಿ ಎಂದರೆ ಸೊಗಸು, ಮೋಡಿ ಎಂದರೆ ಜಾದೂ. ಎಸರಿನ ಮುಂದೆ ಕೂತು ನನ್ನ ತಾಯಿ ಅವಸರದಲ್ಲಿ ಬರೆದರೆ ಕಾಗೆ ಕಾಲು, ಜಗುಲಿಯ ಮೇಲೆ ಕೂತವರು ಅವಸರದಲ್ಲಿ ಬರೆದರೆ ಮೋಡಿ.

1994ರಲ್ಲಿ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ಬಂತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಪಾಲು ಆಗಿಹೋದ ಮನೆಗಳಿಗೆ ಅದರಿಂದ ಏನೂ ದಕ್ಕಲಿಲ್ಲ, ಆದರೆ ಮಾತು ಎದ್ದಿತು. ನನ್ನ ಚಿಕ್ಕಮ್ಮ ಆಗ ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದರು. ಬಾವಿ ಪಕ್ಕದ ತೆಂಗಿನ ತೋಟವನ್ನು ಅಪ್ಪ ನನಗೇ ಬರೆಸಿದ್ದರು ಎಂಬುದು ಅವರು ಮೊದಲಿನಿಂದ ಹೇಳುತ್ತಿದ್ದ ಮಾತು. ಪಾರಿಖತ್ತು ಬಿಚ್ಚಿದರು. ಆ ಸಾಲಿನಲ್ಲಿ 'ಮಗಳ ಪಾಲಿಗೆ' ಎಂದಿದೆಯೋ 'ಮಗನ ಪಾಲಿಗೆ' ಎಂದಿದೆಯೋ ತಿಳಿಯುತ್ತಿಲ್ಲ. ಳ ಮತ್ತು ನ ಎರಡೂ ಅಲ್ಲಿ ಒಂದೇ ಸುರುಳಿ. ಮೋಡಿ ಬಲ್ಲ ಇಬ್ಬರು ಹಿರಿಯರು ಓದಿದರು. ಒಬ್ಬರು 'ಮಗಳ' ಎಂದರು, ಇನ್ನೊಬ್ಬರು 'ಮಗನ' ಎಂದರು. ಮೂರನೆಯವರು ಕಾಗದ ನೋಡಲೇ ಇಲ್ಲ. "ಬಾವಿ ಪಕ್ಕದ ತೋಟನ ಯಾರಾದ್ರೂ ಮಗಳಿಗೆ ಬರೀತಾರೇನಯ್ಯ? ಮಗನ ಅಂತಲೇ ಇರಬೇಕು" ಎಂದರು. ಎಲ್ಲರೂ ತಲೆಯಾಡಿಸಿದರು. ತೋಟ ಹೋಯಿತು.

ಓದುಗರೇ, ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ, ಬೇಕಾದರೆ ಇಲ್ಲಿಗೇ ಓದು ನಿಲ್ಲಿಸಿ. ಅಕ್ಷರ ಓದಲಾಗದ ಕಡೆ ವಾಡಿಕೆ ಬಂದು ಕೂರುತ್ತದೆ. ವಾಡಿಕೆ ಯಾರ ಪರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ದಿನ ಅಷ್ಟು ಜನರಲ್ಲಿ ಒಬ್ಬರಾದರೂ ಆ ಪಾರಿಖತ್ತಿನ ಬರಹವನ್ನು ಕಾಗೆ ಕಾಲು ಎನ್ನಲಿಲ್ಲ. "ಹಳೇ ಕಾಲದ ಕೈ, ಓದೋಕೂ ಪುಣ್ಯ ಬೇಕು" ಎಂದು ಕಣ್ಣಿಗೊತ್ತಿಕೊಂಡು ಮಡಿಚಿಟ್ಟರು. ಅದೇ ದಿನ ಸಂಜೆ ಚಿಕ್ಕಮ್ಮ ತನ್ನ ಲೆಕ್ಕಾಚಾರವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಾಗ ಸೋದರಮಾವ ಅದನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, "ಏನವ್ವಾ ಇದು, ಕೋಳಿ ಕೆದರಿದಂಗೈತೆ" ಎಂದರು.

ಶಾನುಭೋಗಿಕೆ 1961ರ ಕಾಯ್ದೆಯಿಂದ ಹೋಯಿತು, ಅದು ಜಾರಿಗೆ ಬಂದದ್ದು 1963ರಲ್ಲಿ. ಆಮೇಲೆ ಗ್ರಾಮ ಲೆಕ್ಕಿಗರು ಬಂದರು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ನಿಂತಿತು. ಅಚ್ಚಿನಲ್ಲಿ ಮಗಳು ಮಗನಾಗುವುದಿಲ್ಲ, ಸಂತೋಷ. ಆದರೆ ಕಂಪ್ಯೂಟರಿಗೆ ಏರಿಸುವಾಗ ಎದುರಿಗೆ ಇಟ್ಟುಕೊಂಡದ್ದು ಹಳೆಯ ಕೈಬರಹದ ಪುಸ್ತಕವನ್ನೇ ಅಲ್ಲವೇ? ಅಲ್ಲಿ ಮಸುಕಾಗಿದ್ದದ್ದು ಇಲ್ಲಿ ಯಾರೋ ಓದಿದಂತೆ ಅಚ್ಚಾಗಿದೆ. ನಿಮ್ಮ ತವರಿನ ಪಹಣಿಯನ್ನು ಒಮ್ಮೆ ತೆಗೆಸಿ ನೋಡಿ ಎಂದು ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ನಾನು ಯಾವಾಗಲೂ ಹೇಳುತ್ತೇನೆ.

ಬರೆಯುವವರ ಹಮ್ಮು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಾಹ್ಮಿಯಲ್ಲಿ ಬರೆದ ಆ ಶಾಸನದ ಕೊನೆಗೆ ಬರೆದವನ ಹೆಸರಿದೆ, ಚಪಡ. ಅವನ ಕಸುಬು ಲಿಪಿಕಾರ. ಆ ಕಸುಬಿನ ಹೆಸರನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದು. ನಮ್ಮ ಬೆಟ್ಟದ ಬುಡದಲ್ಲಿ ಅದನ್ನು ಓದುವವರು ಎಷ್ಟು ಜನ ಇದ್ದಿರಬಹುದು? ಎರಡು ಸಾವಿರದ ಇನ್ನೂರು ವರ್ಷದ ಮೇಲೆ ವಿದ್ವಾಂಸರು ಅದನ್ನು ಮೆಚ್ಚಿ ಬರೆಯುತ್ತಾರೆ. ಮೆಚ್ಚಲಿ, ನಾನೂ ಮೆಚ್ಚುತ್ತೇನೆ. ನಾನು ಹೇಳುವುದಿಷ್ಟೆ: ಓದಲಾಗದ ಹಾಗೆ ಬರೆಯುವುದು ಬರೆಯುವವನ ಕೈಯಲ್ಲಿ ಅಧಿಕಾರ ಇದ್ದಾಗ ವಿದ್ಯೆಯಾಗುತ್ತದೆ, ಇಲ್ಲದಿದ್ದಾಗ ಅವಿದ್ಯೆಯಾಗುತ್ತದೆ.

ಇವತ್ತಿನ ಲಿಪಿಕಾರರು ಯಾರು ಎಂದು ನಿಮಗೆ ಗೊತ್ತು. ಡಾಕ್ಟರು. ಡಾಕ್ಟರ ಅಕ್ಷರ ಎಂಬ ಮಾತನ್ನು ನಾವು ಬೈಗುಳವಾಗಿ ಆಡುತ್ತೇವೆಯೇ? ಇಲ್ಲ, ನಕ್ಕು ಆಡುತ್ತೇವೆ. ಅಕ್ಷರ ಕೆಟ್ಟ ಮಗನಿಗೆ, "ಇವನು ಡಾಕ್ಟರೇ ಆಗೋದು ಬಿಡಿ" ಎಂದು ಹರಸುತ್ತೇವೆ. ಈ ನಗು ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. 1995ರಲ್ಲಿ ಟೆಕ್ಸಾಸಿನಲ್ಲಿ ಹೃದ್ರೋಗ ತಜ್ಞರೊಬ್ಬರು ಐಸೋರ್ಡಿಲ್ ಎಂಬ ಮಾತ್ರೆ ಬರೆದರು. ಅಂಗಡಿಯವರು ಅದನ್ನು ಪ್ಲೆಂಡಿಲ್ ಎಂದು ಓದಿದರು. ಎರಡೂ ಬೇರೆ ಬೇರೆ ಮಾತ್ರೆ, ಪ್ರಮಾಣವೂ ಬೇರೆ. 42 ವರ್ಷದ ರೋಗಿ ಸತ್ತರು. 1999ರಲ್ಲಿ ನ್ಯಾಯಾಲಯದ ಜ್ಯೂರಿ ಡಾಕ್ಟರೂ ಅಂಗಡಿಯವರೂ ಸೇರಿ ನಾಲ್ಕೂವರೆ ಲಕ್ಷ ಡಾಲರ್ ಕೊಡಬೇಕೆಂದಿತು. ಚೀಟಿಯ ಮೇಲಿದ್ದದ್ದು ಒಂದು ಸಾಲು.

ಜೀವ ಹೋಗದೆಯೂ ಹೋಗುವುದು ಇನ್ನೊಂದಿದೆ, ಮಾನ. ಇದನ್ನು ಯಾರೂ ಬರೆದದ್ದು ನಾನು ನೋಡಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಹಿರಿಯೂರಿನಲ್ಲಿದ್ದಾಗ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳ ಜೊತೆ ಔಷಧಿ ಅಂಗಡಿಗೆ ಹೋಗಿದ್ದೆ. ಡಾಕ್ಟರ ಚೀಟಿ ಅಂಗಡಿಯ ಹುಡುಗನಿಗೆ ಅರ್ಥವಾಗಲಿಲ್ಲ. ಗಲ್ಲಾದ ಮೇಲಿದ್ದವರಿಗೂ ಅರ್ಥವಾಗಲಿಲ್ಲ. ಹುಡುಗ ಗಟ್ಟಿಯಾಗಿ ಕೇಳಿದ, "ಏನಕ್ಕಾ ನಿಮಗೆ ಕಾಯಿಲೆ? ಹೊಟ್ಟೆನೋವಾ? ಮುಟ್ಟಿಂದಾ?" ಹಿಂದೆ ಐದಾರು ಗಂಡಸರು ನಿಂತಿದ್ದರು. ಅವಳ ಮುಖ ನೆಲ ನೋಡಿತು. "ಬೇಡ ಟೀಚರ್, ಹೋಗೋಣ" ಎಂದಳು. ಆ ಚೀಟಿ ಓದುವ ಹಾಗಿದ್ದಿದ್ದರೆ ಅವಳು ಬಾಯಿ ಬಿಡದೆ ಮಾತ್ರೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದಳು. ಡಾಕ್ಟರ ಕೋಣೆಯಲ್ಲಿ ಬಾಗಿಲು ಹಾಕಿ ಹೇಳಿಕೊಂಡದ್ದನ್ನು ಬೀದಿಯಲ್ಲಿ ಮತ್ತೊಮ್ಮೆ ಹೇಳಬೇಕಾದದ್ದು ಆ ಗೀಚಿನಿಂದ. ಹೌದು, ಗೀಚು. ಆ ಮಾತು ಅಲ್ಲಿಗೇ ಸಲ್ಲಬೇಕು.

ಕಾನೂನು ಸುಮ್ಮನೆ ಕೂತಿಲ್ಲ. ಡಾಕ್ಟರುಗಳು ಔಷಧಿಯ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. 2018ರಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ ಓದಲಾಗದ ಗಾಯದ ವರದಿ ಬರೆದ ಮೂವರು ಡಾಕ್ಟರಿಗೆ ತಲಾ 5,000 ರೂಪಾಯಿ ದಂಡ ಹಾಕಿತು. 2024ರಲ್ಲಿ ಒರಿಸ್ಸಾ ಹೈಕೋರ್ಟು ಓದುವ ಹಾಗೆ ಬರೆಯಿರಿ ಎಂದು ಹೇಳಿತು. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಓದಲು ಬರುವ ಔಷಧಿ ಚೀಟಿ ಆರೋಗ್ಯದ ಹಕ್ಕಿನ ಒಂದು ಭಾಗ ಎಂದೇ ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ನ್ಯಾಯಾಧೀಶರಿಗೆ ಓದಲಾಗದೆ ಹೋದದ್ದು ಏನು ಗೊತ್ತೇ? ಅತ್ಯಾಚಾರವಾಯಿತು ಎಂದು ದೂರು ಕೊಟ್ಟಿದ್ದ ಹೆಣ್ಣುಮಗಳೊಬ್ಬಳ ವೈದ್ಯಕೀಯ ವರದಿ. ನಮ್ಮ ಚಿಕ್ಕಮ್ಮನ ತೋಟದಂತೆಯೇ ಅಲ್ಲೂ ಒಬ್ಬ ಹೆಣ್ಣಿನ ಬದುಕು ಯಾರದೋ ಸುರುಳಿ ಅಕ್ಷರದ ಒಳಗೆ ಸಿಕ್ಕಿಕೊಂಡಿತ್ತು.

ಡಾಕ್ಟರುಗಳು ಹೇಳುವ ಮಾತು ನನಗೆ ಗೊತ್ತು. "ಹೊರಗೆ ನೂರು ಜನ ಕಾಯ್ತಾರೆ ಮೇಡಂ, ಕೂತು ಚಿತ್ರ ಬಿಡಿಸೋಕಾಗುತ್ತಾ?" ನಿಜ, ತಾಲ್ಲೂಕು ಆಸ್ಪತ್ರೆಯ ಸಾಲನ್ನು ನಾನೂ ನೋಡಿದ್ದೇನೆ. ಅವರ ಅವಸರವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವಸರ ಅವರೊಬ್ಬರ ಸೊತ್ತೇ? ಅಂಗನವಾಡಿ ಟೀಚರನ್ನು ನೋಡಿ. ಮಕ್ಕಳ ಹಾಜರಿ, ಆಹಾರದ ದಾಸ್ತಾನು, ತೂಕ, ಗರ್ಭಿಣಿಯರು, ಬಾಣಂತಿಯರು, ಚುಚ್ಚುಮದ್ದು, ಒಂದೊಂದಕ್ಕೂ ಒಂದೊಂದು ರಿಜಿಸ್ಟರು. 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಕೂಡ ಸೇರಿದೆ. ಒಂದು ಮಗು ಅಳುತ್ತಿರುತ್ತದೆ, ಇನ್ನೊಂದು ಒದ್ದೆ ಮಾಡಿಕೊಂಡಿರುತ್ತದೆ, ಒಲೆಯ ಮೇಲೆ ಬೇಳೆ ಉಕ್ಕುತ್ತಿರುತ್ತದೆ. ಆ ಹೆಂಗಸು ಮೊಣಕಾಲಿನ ಮೇಲೆ ರಿಜಿಸ್ಟರು ಇಟ್ಟುಕೊಂಡು ಬರೆಯುತ್ತಾಳೆ. ತಪಾಸಣೆಗೆ ಬಂದವರು ಪುಟ ತಿರುವಿ, "ಏನ್ರೀ ಇದು ಕಾಗೆ ಕಾಲು ಗುಬ್ಬಿ ಕಾಲು, ಇನ್ನೊಂದು ಸಲ ಬರೆದು ತನ್ನಿ" ಎನ್ನುತ್ತಾರೆ. ನೂರು ಜನರ ಅವಸರಕ್ಕೆ ಕ್ಷಮೆ, ಮೂವತ್ತು ಮಕ್ಕಳ ಅವಸರಕ್ಕೆ ಶಿಕ್ಷೆ. ಸಂಬಳ ಕಡಿಮೆ ಇದ್ದಷ್ಟೂ ಅಕ್ಷರ ದುಂಡಗಿರಬೇಕು ಎಂಬುದು ಯಾವ ಸರ್ಕಾರಿ ಆದೇಶದಲ್ಲಿದೆ?

ಅವಸರಕ್ಕೆ ಗೌರವದ ಹೆಸರೂ ನಮ್ಮಲ್ಲಿದೆ. ಸಾಹೇಬರು ಹೇಳಿದ್ದನ್ನು ಓಡೋಡಿ ಬರೆದುಕೊಂಡರೆ ಅದು ಶೀಘ್ರಲಿಪಿ. ನಮ್ಮ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಕೆಲಸ ಹಿಡಿದರು. ಗೀಟು, ಚುಕ್ಕಿ, ಕೊಂಕು, ಹೊರಗಿನವರಿಗೆ ಓದಲು ಬಾರದು. ಆದರೆ ಅದಕ್ಕೆ ಪರೀಕ್ಷೆ ಉಂಟು, ಸರ್ಟಿಫಿಕೇಟು ಉಂಟು. ಯಾಕೆಂದರೆ ಆ ಅವಸರ ಸಾಹೇಬರದು. ಅದೇ ಹುಡುಗಿ ಮನೆಗೆ ಬಂದು ತನ್ನದೇ ಒಂದು ಯೋಚನೆಯನ್ನು ಡೈರಿಯಲ್ಲಿ ಅವಸರದಲ್ಲಿ ಬರೆದರೆ, "ಏನೇ ಅದು ಗೀಚ್ತಾ ಕೂತಿದ್ದೀಯ?" ಎಂಬ ಪ್ರಶ್ನೆ.

ಈ ಗೀಚು ಎಂಬ ಮಾತಿಗೆ ಈಗ ಬರಲೇಬೇಕು. ಗಂಡಸರು ನಮ್ಮ ಮೇಲೆ ಎಸೆದದ್ದನ್ನು ನಾವೇ ಎತ್ತಿಕೊಂಡು ಮುಡಿದುಕೊಂಡಿದ್ದೇವೆ. ಮಹಿಳಾ ಸಮಾಜದ ಕಾರ್ಯಕ್ರಮಗಳಿಗೆ ನಾನು ಹೋಗುತ್ತಿರುತ್ತೇನೆ. ಕವಿತೆ ಓದಲು ಎದ್ದು ನಿಂತ ಗೃಹಿಣಿ ಮೊದಲು ಆಡುವ ಮಾತು, "ಏನೋ ಬಿಡುವಾದಾಗ ಗೀಚಿದ್ದೀನಿ." ಸೆರಗು ಸರಿ ಮಾಡಿಕೊಂಡಷ್ಟೇ ಸಹಜವಾಗಿ ಬರುತ್ತದೆ ಅದು. ಯಾವ ಗಂಡಸು ವೇದಿಕೆಯಲ್ಲಿ ನಿಂತು ಹಾಗೆ ಅಂದದ್ದನ್ನು ನೀವು ಕೇಳಿದ್ದೀರಿ? ಅವರು 'ರಚಿಸುತ್ತಾರೆ'. ನಂಜನಗೂಡು ತಿರುಮಲಾಂಬಾ ತಾವೇ ಗ್ರಂಥಮಾಲೆ, ಪತ್ರಿಕೆ ನಡೆಸಿದವರು. ಅವರು ಮಾಡಿದ್ದು ಗೀಚುವುದೇ? ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ. ನಲವತ್ತಾರರ ವಯಸ್ಸಿನಲ್ಲಿ, ಸಂಸಾರ ತೂಗಿಸಿಕೊಂಡು ಬರೆದದ್ದನ್ನು ಬಿಡುವಿನ ಗೀಚು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅವರಂತೆ ಬರೆಯಲು ನಮ್ಮೆಲ್ಲರಿಗೂ ಬರಲಿಕ್ಕಿಲ್ಲ. ಆದರೆ ಬರೆದದ್ದನ್ನು ಬರೆದೆ ಎನ್ನಲು ಕಾದಂಬರಿಕಾರ್ತಿಯೇ ಆಗಬೇಕಾಗಿಲ್ಲ.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಮ್ಮ ಅಕ್ಷರ ಕೆಟ್ಟದ್ದರ ಬಗ್ಗೆ ಮರುಗಿದ್ದಾರೆ, ಕೆಟ್ಟ ಅಕ್ಷರ ಅಪೂರ್ಣ ವಿದ್ಯೆಯ ಲಕ್ಷಣ ಎಂದಿದ್ದಾರೆ ಎಂದು ಯಾರಾದರೂ ನನಗೆ ನೆನಪಿಸಬಹುದು. ಆ ಮರುಗು ದೊಡ್ಡದು, ಯಾಕೆಂದರೆ ಅವರು ಬೈದುಕೊಂಡದ್ದು ತಮ್ಮನ್ನು. ಅದನ್ನು ಎತ್ತಿಕೊಂಡು ಹತ್ತು ವರ್ಷದ ಹುಡುಗಿಯ ಕಿವಿ ಹಿಂಡುವುದು ಬೇರೆ. ಅಲ್ಲದೆ ಕೆಲವು ಮಕ್ಕಳಿಗೆ ಅಕ್ಷರ ಕೈಗೆ ಬಗ್ಗುವುದೇ ಇಲ್ಲ. ಅದು ಸೋಮಾರಿತನವಲ್ಲ, ಮಿದುಳಿಗೂ ಕೈಗೂ ಇರುವ ಒಂದು ತೊಡಕು. ವೈದ್ಯರು ಅದಕ್ಕೆ ಡಿಸ್‌ಗ್ರಾಫಿಯ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಕಲಿಕೆಯ ನ್ಯೂನತೆಗಳ ಸಾಲಿಗೆ ಸೇರಿಸಿದೆ. ಎಡಗೈಯಲ್ಲಿ ಬರೆಯುವ ಮಕ್ಕಳನ್ನು ಹೊಡೆದು ಬಲಗೈಗೆ ತಿರುಗಿಸಿ, ಆಮೇಲೆ ಅಕ್ಷರ ಸೊಟ್ಟ ಎಂದು ಮತ್ತೆ ಹೊಡೆದ ಮೇಷ್ಟ್ರುಗಳನ್ನೂ ನಾನು ಬಲ್ಲೆ. ಅಂಥ ಮಗುವಿಗೆ ಕಾಗೆ ಕಾಲು ಎನ್ನುವುದೂ ಕುಂಟುವವನಿಗೆ ಕುಂಟ ಎನ್ನುವುದೂ ಒಂದೇ.

"ಈಗ ಯಾರು ಬರೀತಾರೆ ಆಂಟಿ, ಎಲ್ಲಾ ಮೊಬೈಲಲ್ಲೇ ಅಲ್ವಾ?" ಎಂದು ಎದುರು ಮನೆಯ ಹುಡುಗಿ ಕೇಳಿದಳು. ಬರಹ ಕಡಿಮೆಯಾಗಿರುವುದು ನಿಜ. ಆದರೆ ಉಳಿದಿರುವ ಕೈಬರಹ ಯಾವುದು ನೋಡಿ. ಡಾಕ್ಟರ ಚೀಟಿ, ಠಾಣೆಯ ದೂರು, ಸ್ತ್ರೀಶಕ್ತಿ ಸಂಘದ ಪುಸ್ತಕ, ಲೇವಾದೇವಿಯವನ ಚೀಟಿ, ಗಿರವಿ ಅಂಗಡಿಯ ರಸೀತಿ. ಹರಟೆಯೆಲ್ಲ ಅಚ್ಚಿಗೆ ಹೋಯಿತು. ಹಣ, ಔಷಧಿ, ನ್ಯಾಯದ ವಿಷಯ ಇನ್ನೂ ಪೆನ್ನಿನಲ್ಲೇ ಇದೆ. ಚಿನ್ನ ಅಡವಿಟ್ಟ ರಸೀತಿಯಲ್ಲಿ ಗ್ರಾಮು ಎಷ್ಟು, ಬಡ್ಡಿ ಎಷ್ಟು ಎಂದು ಓದಲು ಬರದಿದ್ದರೆ ನಷ್ಟ ಯಾರದು?

ಹಾಗಾದರೆ ಏನು ಮಾಡಬೇಕು ಎಂದರೆ, ಭಾಷಣ ಬೇಡ, ಮೂರು ಸಣ್ಣ ಕೆಲಸ ಸಾಕು. ಔಷಧಿ ಚೀಟಿ ಕೈಗೆ ಬಂದ ಕೂಡಲೇ ಕುರ್ಚಿಯಿಂದ ಏಳುವ ಮುಂಚೆ ಓದಿ ನೋಡಿ. ಬರದಿದ್ದರೆ, "ಸಾರ್, ಇದನ್ನ ಓದೋ ಹಾಗೆ ಇನ್ನೊಂದ್ಸಲ ಬರೆದುಕೊಡಿ" ಎನ್ನಿ. ಹೊರಗೆ ನೂರು ಜನ ಇದ್ದರೂ ಎನ್ನಿ. ರುಜು ಹಾಕಿ ಎಂದು ಯಾರಾದರೂ ಕಾಗದ ಚಾಚಿದರೆ, ಅಪ್ಪನೇ ಆಗಲಿ ಅಣ್ಣನೇ ಆಗಲಿ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿಕೊಂಡು ಆಮೇಲೆ ಹಾಕಿ. ಓದುವವರು ತಡವರಿಸಿದ ಕಡೆ ಬೆರಳಿಟ್ಟು ನಿಲ್ಲಿಸಿ. ಮೂರನೆಯದು ಮನೆಯೊಳಗಿನದು. ಮಗಳ ಅಕ್ಷರ ತಿದ್ದಿಸುವಾಗ ಕಾಗೆ, ಕೋಳಿ, ಗುಬ್ಬಿಯನ್ನು ಅವುಗಳ ಪಾಡಿಗೆ ಬಿಡಿ. "ಈ ಪ ಮತ್ತು ವ ಗೊತ್ತಾಗ್ತಿಲ್ಲ ಕಣಮ್ಮ, ತಲೆಕಟ್ಟು ನೋಡ್ಕೋ" ಎಂದರೆ ಸಾಕು. ಇದೇ ಮಾತನ್ನು ಮಗನಿಗೂ ಹೇಳಿ, ಅವನು ಡಾಕ್ಟರಾಗುವ ಆಸೆ ಇದ್ದರಂತೂ ಎರಡು ಸಲ ಹೇಳಿ.

ಕಾಗೆ ಕಾಲು ಎಂಬ ಮಾತನ್ನು ಭಾಷೆಯಿಂದ ಓಡಿಸಿ ಎಂದು ನಾನು ಎಲ್ಲೂ ಹೇಳಿಲ್ಲ. ಅದು ಚೆನ್ನಾದ ಮಾತು, ನೋಡಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಅದನ್ನು ಸರಿಯಾದ ವಿಳಾಸಕ್ಕೆ ಕಳಿಸಿ ಎನ್ನುತ್ತಿದ್ದೇನೆ, ಅಷ್ಟೆ. ಇನ್ನೊಬ್ಬರ ಜೀವ, ಜಮೀನು, ಮಾನ ಹಿಡಿದುಕೊಂಡ ಕೈ ಓದಲಾಗದ ಹಾಗೆ ಬರೆದರೆ ಅಂಜದೆ ಅನ್ನಿ, ಇದು ಕಾಗೆ ಕಾಲು ಎಂದು. ಅಳುವ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಹಾಲಿನ ಲೆಕ್ಕ ಬರೆಯುವ ಕೈಗೆ ಅದರ ನಿಜವಾದ ಹೆಸರು ಹೇಳಿ. ಅದು ಬರವಣಿಗೆ.